ಯುರೋಪ್ ಟ್ರಿಪ್‌ನ ಕೊನೆಯ ಮೂರು ದಿನಕ್ಕೆ ಮಿಲಾನ್ ಬೇಡ, ಅಲ್ಲಿ ಶಾಪಿಂಗ್ ಅಂತೂ ಬೇಡವೇ ಬೇಡ

ನಿಮ್ಮ ಪ್ಲಾನಿನಲ್ಲಿ ಪ್ಯಾರಿಸ್ ಆಯಿತು, ಸ್ವಿಟ್ಜರ್‌ಲೆಂಡ್‌ನ ಇಂಟರ್‌ಲಾಕನ್ ಆಯಿತು, ಭಾನುವಾರ ರಾತ್ರಿ ಜ್ಯೂರಿಕ್‌ನಿಂದ ವಿಮಾನ. ನಡುವೆ ಮೂರು ದಿನ ಖಾಲಿ, ಜೊತೆಗೆ ಅಪ್ಪ ಅಮ್ಮ. ಇಟಲಿಯ ಮಿಲಾನ್‌ಗೆ ಹೋಗಿ ಶಾಪಿಂಗ್ ಮುಗಿಸಿ ಬಂದರೆ ಟ್ಯಾಕ್ಸ್ ರೀಫಂಡ್ ಜ್ಯೂರಿಕ್ ಏರ್‌ಪೋರ್ಟಿನಲ್ಲಿ ತಗೊಳ್ಳಬಹುದಲ್ವಾ ಅಂತ ಕೇಳಿದ್ದೀರಿ. ತಗೊಳ್ಳೋಕೆ ಆಗಲ್ಲ. ಅದೇ ಕೌಂಟರಿನ ಮುಂದೆ ನಿಂತು ಪೆಚ್ಚುಮೋರೆ ಹಾಕಿಕೊಂಡು ಬಂದವಳು ನಾನು.

ನಮ್ಮದೂ ಹೆಚ್ಚುಕಡಿಮೆ ನಿಮ್ಮ ಪ್ಲಾನೇ. ನಾನು, ನನ್ನ ಗಂಡ, ಅತ್ತೆ, ಮಾವ. ಮೊದಲು ಪ್ಯಾರಿಸ್, ಆಮೇಲೆ ಸ್ವಿಟ್ಜರ್‌ಲೆಂಡ್, ಜ್ಯೂರಿಕ್‌ನಿಂದ ವಾಪಸ್. ನಾದಿನಿಯ ಮದುವೆ ಹತ್ತಿರ ಇತ್ತು. ಅವಳಿಗೊಂದು ಒಳ್ಳೆ ಬ್ಯಾಗ್, ಬೀಗರಿಗೆ ಸೆಂಟು, ಅದೂ ಇದೂ ಅಂತ ಪ್ಯಾರಿಸ್‌ನ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ ಚೆನ್ನಾಗಿಯೇ ಬೆಳೆಯಿತು. ಫ್ರಾನ್ಸ್‌ನಲ್ಲಿ ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿದರೆ ಹೊರದೇಶದವರು ತೆರಿಗೆ ವಾಪಸ್ ಕೇಳಬಹುದು. ಅಲ್ಲಿ ವ್ಯಾಟ್ 20%. ಮಧ್ಯದವರ ಕಮಿಷನ್ ಕಳೆದು ನಮ್ಮ ಕೈಗೆ ಬರುವುದು ಸುಮಾರು 12%. ಬಿಲ್ ದೊಡ್ಡದಿದ್ದರೆ ಅದೇನು ಚಿಲ್ಲರೆ ಕಾಸಲ್ಲ.

ಅಂಗಡಿಯ ರೀಫಂಡ್ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಗೊಂಡು ಬಾರ್‌ಕೋಡ್ ಇರುವ ಫಾರಂ ಪ್ರಿಂಟ್ ಮಾಡಿದಳು. ದುಡ್ಡು ಈಗಲೇ ಕ್ಯಾಶ್ ಬೇಕಾ, ಆಮೇಲೆ ಕಾರ್ಡಿಗೆ ಬರಲಾ ಅಂತ ಕೇಳಿದಳು. ಈಗಲೇ ಕೊಡುತ್ತಾರೆ ಅಂದರೆ ಯಾರು ಬೇಡ ಅಂತಾರೆ? ಯೂರೋ ನೋಟುಗಳನ್ನು ಎಣಿಸಿ ಕೊಟ್ಟಳು. ಗ್ಯಾರಂಟಿಗೆ ಅಂತ ನನ್ನ ಗಂಡನ ಕ್ರೆಡಿಟ್ ಕಾರ್ಡನ್ನು ಒಂದು ಸಲ ಉಜ್ಜಿಕೊಂಡಳು. ಫಾರಂ ಲಕೋಟೆಗೆ ಹಾಕಿ, ಹೊರಡುವ ಮುಂಚೆ ಕಸ್ಟಮ್ಸ್‌ನಲ್ಲಿ ಇದನ್ನು ಊರ್ಜಿತ ಮಾಡಿಸಿ, ಅಂದರೆ ಸಾಮಾನು ಹೊರಗೆ ಹೋಗುತ್ತಿದೆ ಅಂತ ದಾಖಲು ಮಾಡಿಸಿ ಅಂದಳು. ಹ್ಞೂಂ ಅಂದೆವು. ಹೊರಡುವುದು ಜ್ಯೂರಿಕ್‌ನಿಂದ ತಾನೇ, ಅಲ್ಲೇ ಮಾಡಿಸಿದರಾಯಿತು ಅಂತ ಲಕೋಟೆಯನ್ನು ಸೂಟ್‌ಕೇಸಿನ ಸೈಡ್ ಜಿಪ್ಪಿಗೆ ಸೇರಿಸಿದೆ.

ತಪ್ಪಾಗಿದ್ದು ಇಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಬೀಳುವುದು ಇದೇ ಗುಂಡಿಗೆ.

ನಮ್ಮ ತಲೆಯಲ್ಲಿ ಇದ್ದದ್ದು ವೀಸಾ. ಶೆಂಗನ್ ವೀಸಾ ಒಂದೇ, ಫ್ರಾನ್ಸ್‌ಗೂ ಅದೇ, ಸ್ವಿಟ್ಜರ್‌ಲೆಂಡ್‌ಗೂ ಅದೇ. ಹಾಗಾಗಿ ಎರಡೂ ಒಂದೇ ಬೇಲಿಯೊಳಗೆ ಇವೆ ಅಂದುಕೊಂಡೆವು. ಆದರೆ ಬೇಲಿ ಎರಡಿದೆ. ಮನುಷ್ಯರ ಓಡಾಟಕ್ಕೆ ಒಂದು, ಸಾಮಾನಿಗೆ ಇನ್ನೊಂದು. ಮನುಷ್ಯರ ಬೇಲಿ ಶೆಂಗನ್. ಸ್ವಿಟ್ಜರ್‌ಲೆಂಡ್ 2008ರಿಂದ ಅದರೊಳಗೆ ಇದೆ. ಸಾಮಾನಿನ ಬೇಲಿ ಯುರೋಪಿಯನ್ ಒಕ್ಕೂಟದ್ದು. ಸ್ವಿಟ್ಜರ್‌ಲೆಂಡ್ ಅದರ ಹೊರಗೆ. ಅಂದರೆ ಪ್ಯಾರಿಸ್‌ನಿಂದ ಸ್ವಿಸ್ ಗಡಿಯ ಊರಾದ ಬಾಸೆಲ್‌ಗೆ ರೈಲಿನಲ್ಲಿ ಬಂದಾಗ ನಾವು ಶೆಂಗನ್ ಬಿಡಲಿಲ್ಲ, ನಮ್ಮ ಬ್ಯಾಗು ಮಾತ್ರ ಒಕ್ಕೂಟ ಬಿಟ್ಟು ಹೊರಗೆ ಬಂದುಬಿಟ್ಟಿತು. ಫಾರಂ ಊರ್ಜಿತ ಆಗಬೇಕಾದದ್ದು ಒಕ್ಕೂಟ ಬಿಡುವ ಆ ಜಾಗದಲ್ಲಿ. ಆಮೇಲೆ ಎಷ್ಟು ಏರ್‌ಪೋರ್ಟ್ ಸುತ್ತಿದರೂ ಪ್ರಯೋಜನವಿಲ್ಲ.

ನಾರ್ವೆ, ಐಸ್‌ಲೆಂಡ್ ಕಥೆಯೂ ಇದೇ: ಶೆಂಗನ್ ಹೌದು, ಒಕ್ಕೂಟ ಅಲ್ಲ. ಐರ್ಲೆಂಡ್ ಇದಕ್ಕೆ ತಿರುಗಾಮುರುಗಾ. ಒಕ್ಕೂಟದಲ್ಲಿದೆ, ಶೆಂಗನ್‌ನಲ್ಲಿಲ್ಲ.

ರೈಲಿನಲ್ಲಿ ಇದೆಲ್ಲ ಗೊತ್ತಾಗುವುದೇ ಇಲ್ಲ. ಪ್ಯಾರಿಸ್‌ನ ಗಾರ್ ದ ಲಿಯೋಂ ಸ್ಟೇಷನ್‌ನಲ್ಲಿ ಹತ್ತಿದರೆ ಸುಮಾರು ಮೂರು ಗಂಟೆಗೆ ಬಾಸೆಲ್. ನಮ್ಮನ್ನು ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ, ಪೆಟ್ಟಿಗೆ ಯಾರೂ ತೆಗೆಸಲಿಲ್ಲ. ಅತ್ತೆ ನಿದ್ದೆ ಹೋಗಿದ್ದರು. ಗಡಿ ದಾಟಿದ್ದು ತಿಳಿದದ್ದು ನನ್ನ ಫೋನಿಗೆ ಮಾತ್ರ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ಒಕ್ಕೂಟದ ದೇಶಗಳಿಗೆ ಅಷ್ಟೇ ಇತ್ತು. ಬಾಸೆಲ್ ಬರುತ್ತಿದ್ದಂತೆ ಇಂಟರ್ನೆಟ್ ಸತ್ತುಹೋಯಿತು. ಸಿಮ್ ಕಂಪನಿಗೆ ಬೈಯುತ್ತಾ ಕೂತೆ. ಆ ಸಿಮ್‌ಗಿದ್ದ ಬುದ್ಧಿ ನನಗಿದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಕೊನೆಯ ದಿನ ಜ್ಯೂರಿಕ್ ಏರ್‌ಪೋರ್ಟ್. ಬ್ಯಾಗ್ ಚೆಕ್‌ಇನ್‌ಗೆ ಕೊಡುವ ಮುಂಚೆ ಕಸ್ಟಮ್ಸ್‌ಗೆ ಹೋಗಬೇಕು, ಸಾಮಾನು ತೋರಿಸು ಅಂದರೆ ತೋರಿಸಬೇಕಲ್ಲ, ಅದೊಂದು ನಮಗೆ ಗೊತ್ತಿತ್ತು. ಬೇಗನೇ ಹೋಗಿದ್ದೆವು. ಬ್ಯಾಗು, ಸೆಂಟು ಎಲ್ಲ ಸೂಟ್‌ಕೇಸಿನಲ್ಲಿ ಮೇಲೆಯೇ ಇಟ್ಟಿದ್ದೆ. ಕೌಂಟರಿನಲ್ಲಿದ್ದ ಅಧಿಕಾರಿ ಲಕೋಟೆಯಿಂದ ಫಾರಂ ತೆಗೆದು ಒಂದೇ ನೋಟ ನೋಡಿದರು. ಅದನ್ನು ನಮ್ಮ ಕಡೆ ತಿರುಗಿಸಿ, ಮೇಲೆ ಅಚ್ಚಾಗಿದ್ದ ಫ್ರಾನ್ಸ್ ಅನ್ನುವ ಹೆಸರಿನ ಮೇಲೆ ಬೆರಳಿಟ್ಟರು. "ಇದು ಫ್ರಾನ್ಸಿನವರು ಮಾಡಬೇಕು. ನಾವು ಸ್ವಿಸ್." ಅಷ್ಟೇ. ಜೋರು ಮಾಡಲಿಲ್ಲ, ಸಿಡುಕಲಿಲ್ಲ. ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ ಪಾಪ. ನನ್ನ ಗಂಡ, ಇದೇ ಕೊನೆಯ ಏರ್‌ಪೋರ್ಟ್ ಸಾರ್ ಅಂತ ಏನೇನೋ ವಾದ ಮಾಡಿದರು. ಅವರು ಫಾರಂ ಮಡಚಿ ವಾಪಸ್ ಲಕೋಟೆಗೆ ಹಾಕಿ ಕೊಟ್ಟರು. ಹಿಂದೆ ಸಾಲು ಬೆಳೆದಿತ್ತು.

ಹೋಗಲಿ, ದುಡ್ಡು ಕೈಗೆ ಬಂದಿದೆಯಲ್ಲ ಅಂತ ಮಾವ ಸಮಾಧಾನ ಹೇಳಿದರು. ನಾವೂ ನಂಬಿದೆವು. ಊರಿಗೆ ಬಂದು ಬಟ್ಟೆ ಒಗೆದು, ಚಾಕೊಲೇಟ್ ಹಂಚಿ, ಟ್ರಿಪ್ಪನ್ನು ಮರೆಯುವ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಿಲ್ ಬಂತು. ಫಾರಂ ಊರ್ಜಿತ ಆಗಿಲ್ಲ ಅಂತ ಕೊಟ್ಟ ದುಡ್ಡನ್ನು ಪೂರ್ತಿ ಕಿತ್ತುಕೊಂಡಿದ್ದರು, ಮೇಲೊಂದಿಷ್ಟು ದಂಡ. ಗ್ಯಾರಂಟಿ ಅಂತ ಕಾರ್ಡ್ ಉಜ್ಜಿಕೊಂಡದ್ದು ಇದಕ್ಕೇ. ನಾವು ಆ ಯೂರೋಗಳನ್ನು ಸ್ವಿಟ್ಜರ್‌ಲೆಂಡ್‌ನಲ್ಲೇ ಖರ್ಚು ಮಾಡಿ ಮುಗಿಸಿದ್ದೆವು.

ನನಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಯುಂಗ್‌ಫ್ರಾಯೋಕ್‌ಗೆ ಹೋಗೋಣ ಅಂದಾಗ ಮಾವ ಟಿಕೆಟ್ ರೇಟ್ ನೋಡಿ ಬೇಡ ಅಂದಿದ್ದರು. 3,454 ಮೀಟರ್ ಎತ್ತರದ ರೈಲ್ವೆ ಸ್ಟೇಷನ್, ಯುರೋಪಿನಲ್ಲೇ ಅಷ್ಟು ಎತ್ತರದ್ದು ಇನ್ನೊಂದಿಲ್ಲ. "ಆ ಬೆಟ್ಟ ಇಲ್ಲಿಂದಲೇ ಕಾಣುತ್ತಲ್ಲಮ್ಮ, ಮೇಲೆ ಹೋಗಿ ಏನು ಮಾಡೋದು" ಅಂತ ಇಂಟರ್‌ಲಾಕನ್‌ನ ಮೈದಾನದಲ್ಲಿ ಬೆಂಚಿನ ಮೇಲೆ ಕೂತುಬಿಟ್ಟರು. ಕೈಬಿಟ್ಟು ಹೋದ ದುಡ್ಡಿನಲ್ಲಿ ಅವರ ಟಿಕೆಟ್ ಬರುತ್ತಿತ್ತು.

ಈಗ ನಿಮ್ಮ ಮಿಲಾನ್. ಇಟಲಿಯಲ್ಲಿ ವ್ಯಾಟ್ 22%, 2024ರಿಂದ 70 ಯೂರೋ ದಾಟಿದರೆ ಸಾಕು ರೀಫಂಡ್ ಕೇಳಬಹುದು. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ನೀವು ರೈಲಿನಲ್ಲಿ ಕಿಯಾಸೋ ಗಡಿ ದಾಟಿ ವಾಪಸ್ ಬರುತ್ತೀರಿ, ವಿಮಾನ ಜ್ಯೂರಿಕ್‌ನಿಂದ. ನಮಗೆ ಆದದ್ದೇ ನಿಮಗೂ ಆಗುತ್ತದೆ. ಪ್ಯಾರಿಸ್‌ನಲ್ಲಿ ಏನಾದರೂ ದೊಡ್ಡದು ಕೊಳ್ಳುವ ಯೋಚನೆ ಇದ್ದರೂ ಅಷ್ಟೇ. ಕೊಳ್ಳಲೇಬೇಕು ಅಂತಿದ್ದರೆ, ಬಿಲ್ ಮಾಡಿಸುವ ಮುಂಚೆ ಅಂಗಡಿಯಲ್ಲೇ ಕೇಳಿ: ನಾವು ಈ ರೈಲಿನಲ್ಲಿ ಸ್ವಿಟ್ಜರ್‌ಲೆಂಡ್‌ಗೆ ಹೋಗುತ್ತೇವೆ, ಇದನ್ನು ಊರ್ಜಿತ ಮಾಡಿಸುವುದು ಎಲ್ಲಿ? ಸರಿಯಾದ ಜಾಗ, ಸಮಯ ಹೇಳಿದರೆ ಸರಿ. ಏರ್‌ಪೋರ್ಟ್ ಅಂತ ತೇಲಿಸಿದರೆ ರೀಫಂಡ್ ಇಲ್ಲ ಅಂದುಕೊಂಡೇ ಬೆಲೆ ಲೆಕ್ಕ ಹಾಕಿ. ಕ್ಯಾಶ್ ಅಂತೂ ಮುಟ್ಟಬೇಡಿ. ಹೊಸ ಸಾಮಾನು ತಲೆಗೆ 150 ಸ್ವಿಸ್ ಫ್ರಾಂಕ್ ದಾಟಿದರೆ ಸ್ವಿಟ್ಜರ್‌ಲೆಂಡ್ ಒಳಗೆ ಬರುವಾಗ ಅವರಿಗೂ ತಿಳಿಸಬೇಕು. 2025ರಿಂದ ಮಿತಿ ಅಷ್ಟಕ್ಕೆ ಇಳಿದಿದೆ.

ಸ್ವಿಟ್ಜರ್‌ಲೆಂಡ್‌ನಲ್ಲೇ ಕೊಂಡದ್ದಕ್ಕೆ ಜ್ಯೂರಿಕ್ ಏರ್‌ಪೋರ್ಟಿನಲ್ಲಿ ಕೆಲಸ ಆಗುತ್ತದೆ. ಆದರೆ ಅಲ್ಲಿ ವ್ಯಾಟ್ ಬರೀ 8.1%, ಒಂದು ಅಂಗಡಿಯಲ್ಲಿ 300 ಫ್ರಾಂಕ್ ಆಗಬೇಕು. ಕಮಿಷನ್ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ವಾಚ್ ಕೊಳ್ಳುವವರಿಗೆ ಸರಿ, ಚಾಕೊಲೇಟ್ ಕೊಳ್ಳುವವರಿಗಲ್ಲ.

ಟ್ಯಾಕ್ಸ್ ಬಿಡಿ, ಸುಮ್ನೆ ನೋಡೋಕೆ ಹೋಗಬಹುದಲ್ಲ ಅಂತೀರಾ? ಜ್ಯೂರಿಕ್‌ನಿಂದ ಮಿಲಾನ್‌ಗೆ ಮೂರೂವರೆ ಗಂಟೆ ಹತ್ತಿರ, ಬರೋಕೆ ಅಷ್ಟೇ. ದಾರಿಯಲ್ಲಿ ಆಲ್ಪ್ಸ್ ನೋಡಬಹುದು ಅಂತ ಆಸೆ ಇಟ್ಟುಕೊಳ್ಳಬೇಡಿ. 2016ರಲ್ಲಿ ಗೊಥಾರ್ಡ್ ಸುರಂಗ ತೆರೆದ ಮೇಲೆ ರೈಲು 57 ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಗೇ ಹೋಗುತ್ತದೆ. ನಿಮ್ಮ ಅಪ್ಪ ಅಮ್ಮ ಕಿಟಕಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಕೂರಬೇಕು. ಬೇಸಿಗೆಯಲ್ಲಿ ಮಿಲಾನ್ ಕಾವಲಿಯಂತೆ ಕಾದಿರುತ್ತದೆ. ಡುವೋಮೊ ಚರ್ಚಿನ ಮುಂದೆ ಬಿಸಿಲಲ್ಲಿ ಕ್ಯೂ ನಿಲ್ಲಿಸಿ ಅವರಿಗೆ ಏನು ಸಿಗುತ್ತೆ, ಹೇಳಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಅಷ್ಟು ದಿನ ತಿರುಗಿದ ಮೇಲೆ ಇನ್ನೊಂದು ಊರು ಸೇರಿಸಬೇಕು ಅನ್ನುವುದೇ ನನಗೆ ಅರ್ಥವಾಗಲ್ಲ. ಕೊನೆಯ ದಿನಗಳಲ್ಲಿ ಹಿರಿಯರ ಮಂಡಿ ಮಾತಾಡೋಕೆ ಶುರು ಮಾಡಿರುತ್ತದೆ, ಒಗೆದ ಬಟ್ಟೆ ಖಾಲಿಯಾಗಿರುತ್ತದೆ, ಗಂಡ ಹೆಂಡತಿ ಸಣ್ಣದಕ್ಕೆಲ್ಲ ಸಿಡುಕುತ್ತಿರುತ್ತಾರೆ. ಜ್ಯೂರಿಕ್‌ನಲ್ಲೇ ಇರಿ. ಅಲ್ಲಿ ನೋಡೋಕೆ ಏನೂ ಇಲ್ಲ ಅಂತ ಟೂರ್‌ನವರು ಹೇಳುತ್ತಾರೆ. ನಿಮಗೆ ಈಗ ಬೇಕಾಗಿರುವುದು ಅಂಥ ಊರೇ.

ನಮ್ಮ ಟ್ರಿಪ್‌ನಲ್ಲಿ ಮಾವ ಅತೀ ಖುಷಿಯಾಗಿದ್ದದ್ದು ಐಫೆಲ್ ಟವರ್ ಹತ್ತಿರ ಅಲ್ಲ, ಜ್ಯೂರಿಕ್‌ನ ಲಿಂಡೆನ್‌ಹೋಫ್ ಗುಡ್ಡದ ಮೇಲೆ. ಹಳೇ ಊರಿನ ನಡುವೆ ಮರಗಳಿರುವ ಸಣ್ಣ ಬಯಲು. ನೆಲದ ಮೇಲೆ ದೊಡ್ಡ ಚೆಸ್ ಮನೆ, ಕಾಯಿಗಳು ಮಂಡಿಯೆತ್ತರ. ಊರಿನ ಮುದುಕರು ಕೈಕಟ್ಟಿಕೊಂಡು ಯೋಚನೆ ಮಾಡುತ್ತಾ ಸುತ್ತಾಡುತ್ತಿರುತ್ತಾರೆ. ಇವರು ನೋಡುತ್ತಾ ನಿಂತವರು ಸ್ವಲ್ಪ ಹೊತ್ತಿಗೆ ತಡೆಯಲಾರದೆ ಒಂದು ಕುದುರೆಯ ಕಡೆ ಕೈ ತೋರಿಸಿದರು. ಆಡುತ್ತಿದ್ದವರು ತಲೆಯಾಡಿಸಿ, ಅದನ್ನು ಎರಡು ಕೈಯಲ್ಲಿ ಎತ್ತಿ ಅಲ್ಲೇ ಇಟ್ಟರು. ಆಮೇಲೆ ಇವರನ್ನು ಅಲ್ಲಿಂದ ಏಳಿಸೋಕೆ ನಮಗೆ ಸಾಕುಸಾಕಾಯಿತು. ಖರ್ಚು ಸೊನ್ನೆ. ಕುಡಿಯೋ ನೀರಿಗೂ ಕಾಸಿಲ್ಲ. ಊರಿನಲ್ಲಿ 1,200ಕ್ಕಿಂತ ಜಾಸ್ತಿ ಕಾರಂಜಿಗಳಿವೆ, ಕುಡಿಯಬಾರದು ಅಂತ ಬೋರ್ಡ್ ಇಲ್ಲದಿದ್ದರೆ ಬಾಟಲಿ ಹಿಡಿದರಾಯಿತು. ಸಂಜೆ ಸರೋವರದ ದಂಡೆ. ಬೇಸಿಗೆಯಲ್ಲಿ ಊರವರೆಲ್ಲ ನೀರಿಗೆ ಬಿದ್ದಿರುತ್ತಾರೆ.

ಶಾಪಿಂಗ್ ಶನಿವಾರವೇ ಮುಗಿಸಿ. ಭಾನುವಾರ ಅಲ್ಲಿ ಅಂಗಡಿ ಬಾಗಿಲು ತೆಗೆಯಲ್ಲ. ಮೇನ್ ಸ್ಟೇಷನ್ ಕೆಳಗಿನ ಅಂಗಡಿಗಳು, ಏರ್‌ಪೋರ್ಟಿನವು ತೆಗೆದಿರುತ್ತವೆ, ಆದರೆ ನಿಮ್ಮಂತೆ ಕೊನೆಯ ಗಳಿಗೆಯವರೆಲ್ಲ ಅಲ್ಲೇ ಮುಗಿಬಿದ್ದಿರುತ್ತಾರೆ. ಚಾಕು ಕೊಂಡರೆ ಚೆಕ್‌ಇನ್ ಪೆಟ್ಟಿಗೆಗೆ, ಪವರ್‌ಬ್ಯಾಂಕ್ ಕೈಚೀಲಕ್ಕೆ. ಬ್ರೆಡ್ಡಿಗೆ ಹಚ್ಚುವ ಚಾಕೊಲೇಟ್ ಡಬ್ಬಿಯನ್ನು ಸೆಕ್ಯೂರಿಟಿಯವರು ದ್ರವ ಅಂತಲೇ ಲೆಕ್ಕ ಹಾಕುತ್ತಾರೆ, ಅದೂ ಪೆಟ್ಟಿಗೆಗೆ. ಚಿಲ್ಲರೆ ಖರ್ಚು ಮಾಡಿಬಿಡಿ. ನಮ್ಮೂರಿನಲ್ಲಿ ಫ್ರಾಂಕ್ ನೋಟು ಬದಲಾಯಿಸಿ ಕೊಡುತ್ತಾರೆ, ನಾಣ್ಯ ಯಾರೂ ತಗೊಳ್ಳಲ್ಲ. ಅರ್ಧ ಫ್ರಾಂಕಿನ ನಾಣ್ಯ 20 ರಾಪ್ಪೆನ್ (ನೂರು ರಾಪ್ಪೆನ್ ಅಂದರೆ ಒಂದು ಫ್ರಾಂಕ್) ನಾಣ್ಯಕ್ಕಿಂತ ಚಿಕ್ಕದು. ಚಿಕ್ಕದಲ್ವಾ ಅಂತ ಅತ್ತೆ ಪರ್ಸ್ ತುಂಬ ಅದನ್ನೇ ಉಳಿಸಿಕೊಂಡು ಬಂದಿದ್ದರು.

ರೈಲು, ಬಸ್ಸಿಗೆಲ್ಲ ಆಗುವ ಸ್ವಿಸ್ ಟ್ರಾವೆಲ್ ಪಾಸ್ ತಗೊಂಡಿದ್ದರೆ ಅದು ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಇವತ್ತೇ ನೋಡಿ. ಅದು ದಿನದ ಲೆಕ್ಕ. ಶನಿವಾರಕ್ಕೆ ಮುಗಿದಿದ್ದರೆ ಭಾನುವಾರ ಏರ್‌ಪೋರ್ಟ್ ರೈಲಿಗೆ ಬೇರೆ ಟಿಕೆಟ್ ಬೇಕು. ಹತ್ತು ಹನ್ನೆರಡು ನಿಮಿಷದ ದಾರಿ ತಾನೇ ಅಂತ ಹಾಗೇ ಹತ್ತಬೇಡಿ, ಟಿಕೆಟ್ ಕೇಳೋಕೆ ಬಂದರೆ ದಂಡ ಜೋರು.

ಕೊನೆಗೆ, ಸೋಮವಾರ ಇಳಿದು ಮಂಗಳವಾರ ಬೆಳಗ್ಗೆ ಆಫೀಸಿಗೆ ಹೋಗುತ್ತೇನೆ ಅಂತ ಬರೆದಿದ್ದೀರಲ್ಲ, ಅದನ್ನೂ ಬಿಡಿ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ವ್ಯತ್ಯಾಸ ಮೂರೂವರೆ ಗಂಟೆ ಅಷ್ಟೇ, ಅಮೆರಿಕದಷ್ಟಿಲ್ಲ, ನಿಜ. ಆದರೆ ಪೂರ್ವಕ್ಕೆ ಬರುವಾಗ ಅದೇ ಜಾಸ್ತಿ ಕಾಡುತ್ತದೆ. ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಹನ್ನೊಂದಕ್ಕೆ ಮಲಗುವುದು ಅಭ್ಯಾಸವಾಗಿರುತ್ತದೆ. ನಮ್ಮಲ್ಲಿ ಆಗ ಮಧ್ಯರಾತ್ರಿ ಎರಡೂವರೆ. ಬಂದ ಮೊದಲ ದಿನಗಳಲ್ಲಿ ಎರಡು ಗಂಟೆಯವರೆಗೆ ನಮ್ಮ ಮನೆಯಲ್ಲಿ ಎಲ್ಲರ ಕೋಣೆಯಲ್ಲೂ ಲೈಟ್. ಬೆಳಗ್ಗೆ ಯಾರಿಗೂ ಎಚ್ಚರವಿಲ್ಲ. ಗುರುವಾರದಿಂದ ಬರುತ್ತೇನೆ ಅಂತ ಮ್ಯಾನೇಜರ್‌ಗೆ ಈಗಲೇ ಮೇಲ್ ಹಾಕಿ. ಜ್ಯೂರಿಕ್‌ನಿಂದ ಹಾಕಿದರೆ ಅಷ್ಟರಲ್ಲಿ ಅವರು ನಿಮ್ಮ ಸ್ಟೇಟಸ್ ಫೋಟೋಗಳನ್ನೆಲ್ಲ ನೋಡಿರುತ್ತಾರೆ, ರಜೆ ಕೊಡಲ್ಲ.