ಮನೆ ಪಕ್ಕದ ಕೆರೆ ನಾರುತ್ತಿದೆ. ಜನರನ್ನು ಸೇರಿಸಿ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಥಣಿಸಂದ್ರದ ಕಡೆ ಹೊಸದಾಗಿ ಮನೆ ಮಾಡಿದ್ದೀರಿ, ಪಕ್ಕದ ಕೆರೆಯ ವಾಸನೆಗೆ ಕಿಟಕಿ ತೆಗೆಯೋಕೆ ಆಗಲ್ಲ ಅಂತ ಬರೆದಿದ್ದೀರಿ. ಇಪ್ಪತ್ತು ಜನ ಸಿದ್ಧ ಇದ್ದಾರೆ. ಭಾನುವಾರ ಕಸ ಎತ್ತೋದಾ, ಜೊಂಡು ಕೀಳೋದಾ, ಶಾಲೆ ಮಕ್ಕಳಿಗೆ ತಿಳಿವಳಿಕೆ ಕೊಡೋದಾ ಅಂತ ನಿಮ್ಮ ಪ್ರಶ್ನೆ.

ಜೊಂಡು ಕೀಳೋದರಿಂದ ಮಾತ್ರ ಶುರು ಮಾಡಬೇಡಿ. ನಾವು ಅದನ್ನೇ ಮಾಡಿ ಕೈ ಸುಟ್ಟುಕೊಂಡವರು.

ನಮ್ಮದೂ ಉತ್ತರ ಬೆಂಗಳೂರೇ. ಕೆಲವು ವರ್ಷದ ಹಿಂದೆ ಮನೆಮನೆಗೂ ಹೋಗಿ ದುಡ್ಡು ಎತ್ತಿ, ಎರಡು ದಿನ ಜೆಸಿಬಿ ತರಿಸಿ, ದಡದ ಜೊಂಡನ್ನೆಲ್ಲ ತೆಗೆಸಿದೆವು. ಕೆರೆ ಕನ್ನಡಿ ಥರ ಕಾಣಿಸಿತು. ಫೋಟೋ ತೆಗೆಸಿಕೊಂಡೆವು. ಯುಗಾದಿ ಹೊತ್ತಿಗೆ ನೀರು ಹಸಿರು ಪೇಂಟ್ ಸುರಿದ ಹಾಗೆ ಆಯಿತು. ಮೊದಲ ಬೇಸಿಗೆ ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ನೋಡಿದರೆ ದಡದುದ್ದಕ್ಕೂ ಹೊಟ್ಟೆ ಮೇಲಾದ ಮೀನು.

ಆಗಿದ್ದು ಇಷ್ಟು. ಚರಂಡಿ ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ. ಅದನ್ನು ಹೀರಿಕೊಳ್ಳುತ್ತಿದ್ದದ್ದು ಜೊಂಡು. ಜೊಂಡು ಹೋದಮೇಲೆ ಆ ಊಟವೆಲ್ಲ ಪಾಚಿಗೆ ಸಿಕ್ಕಿತು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ. ಅದೇ ಹೊತ್ತಿಗೆ ಮಳೆ ಬಂದು ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳಕನ್ನು ಒಂದೇ ಸಲ ತಂದು ಸುರಿದರೆ, ಉಳಿದಿದ್ದ ಉಸಿರೂ ಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲೂ ರಾಶಿ ರಾಶಿ ಮೀನು ಸತ್ತಿದ್ದು ನೆನಪಿರಬಹುದು. ನಮ್ಮ ಕೆರೆಯಲ್ಲಿ ಮೀನು ಹಿಡಿಯೋಕೆ ಟೆಂಡರ್ ಹಿಡಿದಿದ್ದವನು ಬಂದು ಬಾಯಿಗೆ ಬಂದ ಹಾಗೆ ಬೈದ. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆವತ್ತು ಏರಿ ಮೇಲೆ ಕೂತಿದ್ದ ಹಳ್ಳಿಯ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು. ಅವರ ತಾತ ಆ ಕೆರೆಯ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದವರು. "ನೀರು ಎಲ್ಲಿಂದ ಬರುತ್ತೆ ಗೊತ್ತಾ ಸ್ವಾಮಿ?" ನಮ್ಮ ಗುಂಪಿನಲ್ಲಿ ಎಂಜಿನಿಯರುಗಳೇ ಎಂಟು ಜನ. ಒಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಕೆರೆಗೆ ಬೆನ್ನು ಹಾಕಿ ಮಳೆನೀರನ್ನು ಕೆರೆಗೆ ತರುವ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಎರಡು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು. ಉಕ್ಕುತ್ತಿದ್ದ ಮ್ಯಾನ್‌ಹೋಲ್ ಒಂದು, ಒಡೆದ ಒಳಚರಂಡಿ ಪೈಪು ಒಂದು, ಕೋಳಿ ಅಂಗಡಿಗಳ ತ್ಯಾಜ್ಯ, ಕಟ್ಟಡದ ಮಣ್ಣು. ಕಾಲುವೆಗೆ ಬಾಯಿ ತೆರೆದುಕೊಂಡ ಏಳು ಪೈಪುಗಳು. ಅದರಲ್ಲೊಂದು ನಮ್ಮದೇ ಅಪಾರ್ಟ್‌ಮೆಂಟಿನದು! ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಆಫ್ ಮಾಡಿ, ಬಂದ ನೀರನ್ನು ಹಾಗೇ ಕಾಲುವೆಗೆ ಬಿಡುತ್ತಿದ್ದರು. ಕೆರೆ ಉಳಿಸಿ ಅಂತ ಟೀ ಶರ್ಟ್ ಹೊಲಿಸಿಕೊಂಡಿದ್ದವರು ನಾವು.

ಹಾಗಾಗಿ ನನ್ನ ಉತ್ತರ ಇದು: ಮೊದಲ ಭಾನುವಾರ ಕಾಲುವೆ ಹಿಡಿದು ನಡೆಯಿರಿ. ನಡೆಯೋಕೆ ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇಳಿಸಿಕೊಳ್ಳಿ, ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಸಿಗುತ್ತದೆ. ಹಳೇ ನಕ್ಷೆಯಲ್ಲಿ ಕಾಲುವೆ ಇರುವ ಕಡೆ ಈಗ ಏನಿದೆ ಅಂತ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ಇನ್ನು ತಿಳಿವಳಿಕೆ ವಿಷಯ. ಚಿತ್ರ ಬಿಡಿಸುವ ಸ್ಪರ್ಧೆ, ಘೋಷಣೆ, ಜಾಥಾ ಎಲ್ಲ ಮಾಡಿದ್ದೇವೆ. ಸುಮ್ನೆ. ಹಿಡಿಸಿದ್ದು ಬೇರೆ. ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯೋಕೆ ಬಿಳಿ ತಟ್ಟೆಗೆ ಕಲ್ಲು, ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಯಿತು ಅಂತ ಪ್ರತಿ ತಿಂಗಳು ಮಕ್ಕಳ ಕೈಯಲ್ಲೇ ಬರೆಸಿದೆವು. ಮೂರು ತಿಂಗಳಾದಮೇಲೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ದು ಮಕ್ಕಳೇ. ಅಪ್ಪ ಅಮ್ಮ ಮನೆಯ ಎಸ್‌ಟಿಪಿ ಬಗ್ಗೆ ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದು ಆಮೇಲೆ.

ಕೆರೆಯ ಮಾತುಗಳನ್ನೂ ಕಲಿಸಿ. ವರ್ತೂರು ಕೋಡಿ ಅಂದರೆ ಬಸ್ ಸ್ಟಾಪಿನ ಹೆಸರು ಅಂದುಕೊಂಡವರೇ ಜಾಸ್ತಿ ಅಲ್ವಾ? ಕೋಡಿ ಅಂದರೆ ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಜಾಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ದೊಡ್ಡ ಹೊಳೆ ಇಲ್ಲ. ಅದಕ್ಕೇ ಹಿಂದಿನವರು ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಸಾಲು ಸಾಲು ಕೆರೆ ಕಟ್ಟಿದರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಮುಖ್ಯವಾಗಿ ಮೂರು ಕಣಿವೆ. ನೀವು ಇರುವುದು ಹೆಬ್ಬಾಳ ಕಣಿವೆಯಲ್ಲಿ. ನಿಮ್ಮ ಕಡೆಯ ನೀರು ಎಲೆಮಲ್ಲಪ್ಪ ಶೆಟ್ಟಿ ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಬೆಳ್ಳಂದೂರು ಕೆರೆಗೆ 2017ರಲ್ಲೂ 2018ರಲ್ಲೂ ಬೆಂಕಿ ಬಿದ್ದಾಗ ಎಲ್ಲರೂ ಬೆಳ್ಳಂದೂರಿನವರನ್ನೇ ಬೈದರು. ಆ ಕೆರೆಗೆ ಬರುವುದು ಊರಿನ ನಡುಭಾಗದ ನೀರು. ಅದರ ನೊರೆಯಲ್ಲಿ ಎಷ್ಟೋ ದೂರದ ಬಟ್ಟೆ ಸೋಪಿನ ಪಾಲೂ ಇದೆ.

ನಿಮ್ಮ ಹತ್ತಿರದಲ್ಲೇ ಜಕ್ಕೂರು ಕೆರೆ ಇದೆ. ಇಪ್ಪತ್ತೂ ಜನರನ್ನು ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿ ಮೊದಲು ದಿನಕ್ಕೆ 1 ಕೋಟಿ ಲೀಟರ್ ಅಳತೆಗೆ ಕಟ್ಟಿದ ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಸೋಸಿಕೊಂಡು ಹೋಗುತ್ತದೆ. ಅದರ ಕೋಡಿ ನೀರು ರಾಚೇನಹಳ್ಳಿ ಕೆರೆಗೆ. ನಾವು ಜೆಸಿಬಿ ತರಿಸೋಕೆ ಮೊದಲು ಇದನ್ನು ನೋಡಬೇಕಿತ್ತು.

ಕಚೇರಿಗಳ ಬಗ್ಗೆ ಒಂದು ಮಾತು. ಒಳಚರಂಡಿ ಒಬ್ಬರದು, ಮಳೆನೀರು ಕಾಲುವೆ ಇನ್ನೊಬ್ಬರದು, ಮೀನು ಮತ್ತೊಬ್ಬರದು. ನಮ್ಮ ಅರ್ಜಿ ಏಳು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿತು. "ಕೆರೆ ಹಾಳಾಗಿದೆ" ಅಂತ ಬರೆದರೆ ಯಾರದೂ ಅಲ್ಲ. ಇಂಥ ಮ್ಯಾನ್‌ಹೋಲ್, ಇಂಥ ಅಡ್ಡರಸ್ತೆ, ಇಂಥ ದಿನ ಉಕ್ಕಿದೆ ಅಂತ ಫೋಟೋ ಸಮೇತ ಕೊಟ್ಟಾಗ ಹತ್ತು ದಿನದಲ್ಲಿ ಆಳು ಬಂದರು.

ಹುಲ್ಲು ಕುಯ್ಯುವ ಹೆಂಗಸರು, ದನ ತೊಳೆಯುವವರು, ಮೀನಿನವರನ್ನು ಹೊರಗಿಡಬೇಡಿ. ಬೇಲಿ ಹಾಕಿ ವಾಕಿಂಗ್ ದಾರಿ ಮಾಡೋದೇ ಕೆರೆ ಉಳಿಸೋದು ಅಂತ ನಮ್ಮಲ್ಲಿ ಹಲವರಿಗೆ ಇತ್ತು. ಯಾವ ಮೂಲೆಯಲ್ಲಿ ನೀರಿನ ಬಣ್ಣ ಬದಲಾಯಿತು ಅಂತ ಮೊದಲು ಹೇಳುತ್ತಿದ್ದದ್ದು ಮಾತ್ರ ಹುಲ್ಲಿನ ಗೌರಮ್ಮನಂಥವರೇ. ವಾಕಿಂಗಿನವರ ಕಣ್ಣು ಹೆಜ್ಜೆ ಲೆಕ್ಕದ ವಾಚಿನ ಮೇಲೆ.

ಏಳು ಪೈಪಿನಲ್ಲಿ ಐದು ಮುಚ್ಚಿಸಿದ್ದೇವೆ. ಎರಡು ಇನ್ನೂ ಇವೆ. ವಾಸನೆ ಪೂರ್ತಿ ಹೋಗಿಲ್ಲ, ಕಿಟಕಿ ತೆಗೆಯಬಹುದು. ನೀರು ಒಳಗೆ ಬರುವ ಕಡೆ ಜೊಂಡು ತಾನಾಗೇ ಮತ್ತೆ ಹಬ್ಬಿದೆ. ಹೋದ ತಿಂಗಳು ಅದರೊಳಗೆ ಕೆಂಪು ಕೊಕ್ಕಿನ ಜಂಬುಕೋಳಿಗಳು ಓಡಾಡುತ್ತಿದ್ದವು. ಅದನ್ನು ಕೀಳಿಸೋಣ ಅಂತ ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಗ್ರೂಪಿನಲ್ಲಿ ಹಾಕಿದ್ದಾರೆ. ಈ ಭಾನುವಾರ ಅವರನ್ನು ಕರೆದುಕೊಂಡು ಕಾಲುವೆ ಕಡೆ ಹೊರಟಿದ್ದೇವೆ.