ಕಾಯಿಸುವುದಾದರೆ ಕೂರಿಸಿ ಕಾಯಿಸಲಿ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಳೆದ ತಿಂಗಳ ಒಂದು ಭಾನುವಾರ ಅಮ್ಮ ಮತ್ತು ಮಗಳನ್ನು ಕರೆದುಕೊಂಡು ನಮ್ಮ ಬಡಾವಣೆಯ ಹೆಸರುವಾಸಿ ಬ್ರಂಚ್ ಕೆಫೆಗೆ ಹೋಗಿದ್ದೆ. ಹತ್ತೂವರೆ ಗಂಟೆ. ಬಾಗಿಲಲ್ಲಿದ್ದ ಹುಡುಗ ಹೆಸರು, ಮೊಬೈಲ್ ಸಂಖ್ಯೆ ಬರೆದುಕೊಂಡು ‘ಇಪ್ಪತ್ತು ನಿಮಿಷ’ ಎಂದ. ಒಂದು ಗಂಟೆ ಫುಟ್‌ಪಾತಿನಲ್ಲಿ ನಿಂತೆವು. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು. ಒಂದು ಕುರ್ಚಿ ಕೇಳಿದರೆ ಇಲ್ಲವೆಂದರು. ತಿಂಡಿ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಕಾಫಿ ಮುಗಿಯುವ ಮೊದಲೇ ಬಿಲ್ ತಂದಿಟ್ಟರು. ಅದರಲ್ಲಿ ಶೇ 10ರಷ್ಟು ಸೇವಾ ಶುಲ್ಕ. ತೆಗೆಯಿರಿ ಎಂದರೆ, ಕಂಪ್ಯೂಟರಿನಲ್ಲಿ ತಾನಾಗಿಯೇ ಬರುತ್ತದೆ ಎಂಬ ಉತ್ತರ. ಮನೆಗೆ ಬಂದು ಗೂಗಲ್‌ನಲ್ಲಿ ಎರಡು ಸ್ಟಾರ್ ಕೊಟ್ಟು ವಿಮರ್ಶೆ ಬರೆದೆ. ಮರುದಿನ ಮಾಲೀಕರೇ ಫೋನ್ ಮಾಡಿ, ಅದನ್ನು ಅಳಿಸಿದರೆ ಮುಂದಿನ ಸಲ ಎಲ್ಲರಿಗೂ ಊಟ ಉಚಿತ ಎಂದರು. ನಮ್ಮ ಹಳೆಯ ತಿಂಡಿ ಹೋಟೆಲುಗಳಲ್ಲಿ ಇಂಥದ್ದೆಲ್ಲ ಇತ್ತೇ? ಈ ಕೆಫೆಗಳಿಗೆ ಯಾರೂ ಹೋಗಬೇಡಿ ಎಂದು ನಿಮ್ಮ ಪತ್ರಿಕೆ ಏಕೆ ಬರೆಯಬಾರದು? ಬಿಲ್ಲಿನ ಮತ್ತು ನನ್ನ ವಿಮರ್ಶೆಯ ಪ್ರತಿ ಲಗತ್ತಿಸಿದ್ದೇನೆ.
— ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರದಲ್ಲಿ ದೂರುಗಳು ಹಲವಿವೆ. ಎಲ್ಲಕ್ಕಿಂತ ಮೊದಲು ನಿಮ್ಮ ತಾಯಿಯವರಿಗೆ ಸಿಗದೇ ಹೋದ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಸೇವಾ ಶುಲ್ಕಕ್ಕೆ ನಿಯಮವಿದೆ, ಕೈಯಲ್ಲಿ ಬಿಲ್ಲಿದೆ, ದೂರು ಹೇಳಲು ದೂರವಾಣಿ ಸಂಖ್ಯೆಯಿದೆ. ಕುರ್ಚಿಗೆ ಅವು ಯಾವುವೂ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಹೋಟೆಲ್ ನಡೆಸುವವರ ಮನಸ್ಸೊಂದೇ. ಅದಕ್ಕಾಗಿಯೇ ಅದನ್ನು ಗಟ್ಟಿಯಾಗಿ ಹೇಳಬೇಕು.

ಭಾನುವಾರ ಹತ್ತರಿಂದ ಹನ್ನೆರಡೂವರೆಯ ತನಕ ಇಂಥ ಕೆಫೆಗಳ ಬಾಗಿಲಲ್ಲಿ ಜನ ಜಮಾಯಿಸುತ್ತಾರೆ. ವಾರದ ಉಳಿದ ದಿನ ಅರ್ಧ ಖಾಲಿ ಇರುವ ಮೇಜುಗಳಿಗೆ ಆ ಎರಡೂವರೆ ಗಂಟೆಯಲ್ಲಿ ಎಲ್ಲಿಲ್ಲದ ಬೇಡಿಕೆ. ಆಮ್ಲೆಟ್ ಆಗಲಿ, ಪ್ಯಾನ್‌ಕೇಕ್ ಆಗಲಿ, ಆರ್ಡರ್ ಬಂದ ಮೇಲೆಯೇ ಒಂದೊಂದಾಗಿ ಮಾಡಬೇಕು. ನಾಲ್ವರ ಮೇಜಿನಲ್ಲಿ ಇಬ್ಬರು ಕೂತಿರುತ್ತಾರೆ. ಹರಟೆ ಒಂದು ಕಾಫಿಗೆ ಮುಗಿಯುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಕಾಯುವುದು ಅನಿವಾರ್ಯ. ಆದರೆ ಪ್ರತಿ ವಾರ ಇದೇ ನೂಕುನುಗ್ಗಲನ್ನು ನೋಡುವವರಿಗೆ ಒಂದು ಮೇಜು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬ ಅಂದಾಜು ಇದ್ದೇ ಇರುತ್ತದೆ. ಒಂದು ಗಂಟೆಯಾಗುತ್ತದೆ ಎಂದು ಗೊತ್ತಿದ್ದೂ ಇಪ್ಪತ್ತು ನಿಮಿಷ ಎಂದರೆ, ಅದು ನಿಮ್ಮನ್ನು ಬಾಗಿಲಿನಿಂದ ಕದಲದಂತೆ ಹಿಡಿದಿಡಲು ಆಡಿದ ಮಾತು. ನಿಜ ಹೇಳಿದ್ದರೆ ನೀವು ಬೇರೆಡೆಗೆ ಹೋಗುತ್ತಿದ್ದಿರಿ, ಇಲ್ಲವೇ ಅಮ್ಮನನ್ನು ಆಟೋದಲ್ಲಿ ಮನೆಗೆ ಕಳುಹಿಸಿ ಆಮೇಲೆ ಬನ್ನಿ ಎನ್ನುತ್ತಿದ್ದಿರಿ. ಆ ಆಯ್ಕೆಯನ್ನು ನಿಮ್ಮಿಂದ ಕಸಿದುಕೊಂಡರು. ಇನ್ನು ಕುರ್ಚಿ. ಒಂದು ಮೇಜಿನವರು ಕೊಡುವ ಬಿಲ್ಲಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಬರುತ್ತವೆ. ಅವನ್ನು ಹಾಕಲು ಗೇಟಿನ ಒಳಗೆ ಜಾಗ ಮಾಡಿಕೊಳ್ಳಬೇಕು, ಅಷ್ಟೇ. ಫುಟ್‌ಪಾತು ಕೆಫೆಯ ಪಡಸಾಲೆಯಲ್ಲ. ಅಲ್ಲಿ ಗುಂಪು ನಿಂತರೆ ನಡೆದು ಹೋಗುವವರು ರಸ್ತೆಗೆ ಇಳಿಯಬೇಕಾಗುತ್ತದೆ.

ಹಳೆಯ ಹೋಟೆಲುಗಳಲ್ಲಿ ಇದೆಲ್ಲ ಇತ್ತೇ ಎಂದು ಕೇಳಿದ್ದೀರಿ. ಇತ್ತು, ಈಗಲೂ ಇದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ಹೊರಗೆ ಕಾಯಬೇಕು. ಒಳಗೆ ಅಪರಿಚಿತರ ಜತೆ ಮೇಜು ಹಂಚಿಕೊಳ್ಳಬೇಕು. ಮಲ್ಲೇಶ್ವರದ ಏಳನೇ ಕ್ರಾಸಿನ ಸಿಟಿಆರ್‌ನಲ್ಲೂ ಅಷ್ಟೆ. ಊರಿನ ಎಷ್ಟೋ ಹೋಟೆಲುಗಳಲ್ಲಿ ನೀವು ಕೊನೆಯ ತುತ್ತು ಬಾಯಿಗಿಡುವಾಗ ಮುಂದಿನ ಗಿರಾಕಿಯ ಕೈ ನಿಮ್ಮ ಕುರ್ಚಿಯ ಬೆನ್ನಿನ ಮೇಲಿರುತ್ತದೆ. ಬಿಲ್ಲು ಕೇಳದೆಯೇ ಬರುತ್ತದೆ. ಆದರೂ ನಮಗೆ ಅಲ್ಲಿ ಅವಮಾನವಾದಂತೆ ಅನ್ನಿಸುವುದಿಲ್ಲ, ಇಲ್ಲಿ ಅನ್ನಿಸುತ್ತದೆ. ಅದೇಕೆ ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬಿದ್ದೇನೆ.

ವಿದ್ಯಾರ್ಥಿ ಭವನ 1943ರಲ್ಲಿ, ಹೆಸರೇ ಹೇಳುವಂತೆ, ವಿದ್ಯಾರ್ಥಿಗಳಿಗೆಂದು ಶುರುವಾದದ್ದು. ಅಲ್ಲಿ ಮಾರುವುದು ದೋಸೆಯನ್ನು. ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒಮ್ಮೆ ಬಳಿದು, ಸಾಲಾಗಿ ಹಿಟ್ಟು ಹೊಯ್ಯುತ್ತಾರೆ. ಒಂದು ಸುತ್ತಿನ ದೋಸೆಗಳೆಲ್ಲ ಒಟ್ಟಿಗೇ ಕೆಂಪಗಾಗುತ್ತವೆ. ಬಿಳಿ ಪಂಚೆ ಉಟ್ಟ ಸಪ್ಲೈಯರ್ ಆ ತಟ್ಟೆಗಳನ್ನು ಅಂಗೈಯಿಂದ ಮೊಣಕೈಯಾಚೆಗೂ ಒಂದರ ಮೇಲೊಂದು ಏರಿಸಿಕೊಂಡು ಬಂದು ನಾಲ್ಕಾರು ಮೇಜುಗಳಿಗೆ ಒಂದೇ ಉಸಿರಿಗೆ ಹಂಚುತ್ತಾನೆ. ಹಿಂದಿನ ಸುತ್ತು ನಿಮ್ಮನ್ನು ದಾಟಿ ಹೋಗಿದ್ದರೆ ಮುಂದಿನದು ನಿಮ್ಮದೇ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಗರಿಗರಿ ಇರುವಾಗಲೇ ತಿಂದು, ಕಾಫಿ ಕುಡಿದು, ಎದ್ದು ಮುಂದಿನವರಿಗೆ ಜಾಗ ಕೊಡುವುದು ಅಲ್ಲಿನ ಒಪ್ಪಂದ. ಹೋಟೆಲು ಎಂದೂ ಬೇರೆ ಮಾತು ಕೊಟ್ಟಿಲ್ಲ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ತಿಂಡಿಗಳ ಪಟ್ಟಿ ಬೆರಳೆಣಿಕೆಯಲ್ಲಿ ಮುಗಿದೇ ಹೋಯಿತು. ಸಾಂಬಾರು ಇಲ್ಲ, ಚಟ್ನಿ ಮಾತ್ರ. ಕೂರಲು ಮೇಜು, ಕುರ್ಚಿ ಹಾಕಿಲ್ಲ. ಆದರೆ ಅಲ್ಲಿ ಸಾಲು ಎಷ್ಟೇ ಉದ್ದವಿದ್ದರೂ ಸರಸರನೆ ಸಾಗುತ್ತದೆ, ಏಕೆಂದರೆ ಅಡುಗೆಮನೆಗೆ ಮುಂದೆ ಏನು ಬೇಕಾಗುತ್ತದೆಂಬುದು ಮೊದಲೇ ಗೊತ್ತಿದೆ. ಬ್ರಂಚ್ ಕೆಫೆಯ ಮೆನು ಪುಸ್ತಕದಲ್ಲಿ ಹತ್ತಾರು ಬಗೆ, ಪ್ರತಿಯೊಂದಕ್ಕೂ ‘ಈರುಳ್ಳಿ ಬೇಡ, ಚೀಸ್ ಹೆಚ್ಚು’ ಎಂಬ ಸೂಚನೆ. ನಿಮ್ಮ ಒಂದು ಗಂಟೆಯ ಬಹುಭಾಗ ಕಳೆದುಹೋದದ್ದು ಆ ಪುಸ್ತಕದೊಳಗೆ. ಮೆನುವನ್ನು ಮೊಟಕು ಮಾಡಿ, ಭಾನುವಾರದ ಮಟ್ಟಿಗಾದರೂ ಹತ್ತೇ ತಿಂಡಿ ಇಟ್ಟರೆ ಸಾಲು ಎಷ್ಟೋ ಕರಗುತ್ತದೆ. ಈ ಮಾತನ್ನು ಕೆಫೆ ನಡೆಸುವ ಓದುಗರು ದಯವಿಟ್ಟು ಗಮನಿಸಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದಾಗ ಇದೇ ತೊಡಕಿಗೆ ಇನ್ನೊಂದು ಪರಿಹಾರ ಸಿಕ್ಕಿತು. ಮೊದಲು ದುಡ್ಡು ಕೊಟ್ಟು, ಚೀಟಿ ತೋರಿಸಿ, ನಿಂತೇ ತಿಂದು ಹೊರಡುವುದು. ಊರಿನ ಕೋಟ್ಯಂತರ ಬೆಳಗಿನ ತಿಂಡಿಗಳು ಆ ವ್ಯವಸ್ಥೆಯಲ್ಲಿ ಸಲೀಸಾಗಿ ನಡೆದಿವೆ. ನಿಮ್ಮ ತಾಯಿಯವರಂಥ ಹಿರಿಯರಿಗೆ ಮಾತ್ರ ಅಲ್ಲಿಯೂ ಕೂರಲು ಜಾಗ ಅಪರೂಪ ಎಂಬುದನ್ನು ಮರೆಯುವಂತಿಲ್ಲ.

ಬ್ರಂಚ್ ಕೆಫೆ ಮಾರುವ ಸರಕೇ ಬೇರೆ. ಮೂವತ್ತು ರೂಪಾಯಿಗೆ ಒಳ್ಳೆಯ ಫಿಲ್ಟರ್ ಕಾಫಿ ಸಿಗುವ ಊರಿನಲ್ಲಿ ಇನ್ನೂರೈವತ್ತು ಕೊಟ್ಟು ಕಾಫಿ ಕುಡಿಯುವವರು ಕೇವಲ ಡಿಕಾಕ್ಷನ್ನಿಗೆ ದುಡ್ಡು ಕೊಡುತ್ತಿಲ್ಲ. ಮರದ ನೆರಳು, ಮೆತ್ತನೆಯ ಕುರ್ಚಿ, ಮಗಳ ಜತೆ ನಿಧಾನವಾಗಿ ಮಾತಾಡುವ ಒಂದು ಹೊತ್ತು, ಯಾರೂ ಎಬ್ಬಿಸುವುದಿಲ್ಲವೆಂಬ ನೆಮ್ಮದಿ, ಇವಿಷ್ಟರ ಬೆಲೆ ಆ ಇನ್ನೂರೈವತ್ತರಲ್ಲಿದೆ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶಿಸ್‌ನಲ್ಲಿ ತಲೆಮಾರುಗಳ ಕಾಲ ಪತ್ರಕರ್ತರು, ಕಲಾವಿದರು, ವಕೀಲರು ಒಂದು ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಕೂತದ್ದು ಈ ಊರಿಗೆ ಗೊತ್ತಿದೆ. ಕೂರುವುದನ್ನೇ ಮಾರಿ, ಕಾಫಿ ಮುಗಿಯುವ ಮೊದಲೇ ಬಿಲ್ಲು ತಂದಿಡುವುದು ಕೊಟ್ಟ ಮಾತಿಗೆ ತಪ್ಪಿದಂತೆ. ವಿದ್ಯಾರ್ಥಿ ಭವನದ ಅವಸರಕ್ಕೂ ಈ ಅವಸರಕ್ಕೂ ಅಜಗಜಾಂತರವಿದೆ. ಮೇಜು ಬೇಗ ಬೇಕಿದ್ದರೆ ‘ಭಾನುವಾರ ಒಂದೂವರೆ ಗಂಟೆ ಮಾತ್ರ’ ಎಂದು ಬಾಗಿಲಲ್ಲೇ ಬರೆದು ಹಾಕಲಿ. ಒಪ್ಪುವವರು ಒಳಗೆ ಬರುತ್ತಾರೆ. ಅದರಲ್ಲಿ ಮುಚ್ಚುಮರೆ ಇಲ್ಲ.

ಈಗ ಬಿಲ್ಲು. ನೀವು ಕಳುಹಿಸಿದ ಪ್ರತಿಯನ್ನು ಸಾಲು ಸಾಲಾಗಿ ನೋಡಿದೆ. ತಿಂಡಿ, ಕಾಫಿ ಸೇರಿ 1,800 ರೂಪಾಯಿ. ಅದಕ್ಕೆ ಸೇವಾ ಶುಲ್ಕ 180. ಎರಡೂ ಸೇರಿದ 1,980ರ ಮೇಲೆ ಶೇ 5ರ ಜಿಎಸ್‌ಟಿ 99. ಒಟ್ಟು 2,079. ಸೇವಾ ಶುಲ್ಕ ಇಲ್ಲದಿದ್ದರೆ ತೆರಿಗೆ 90 ಆಗಿ, ನೀವು ಕೊಡಬೇಕಿದ್ದದ್ದು 1,890. ಅಂದರೆ 180 ರೂಪಾಯಿಯ ಜತೆಗೆ ಅದರ ಮೇಲಿನ ತೆರಿಗೆ 9 ರೂಪಾಯಿಯನ್ನೂ ನಿಮ್ಮಿಂದ ಪಡೆದಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಯಾವ ಹೋಟೆಲೂ ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಕೊಡದವರಿಗೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಹೋಟೆಲ್ ಉದ್ಯಮದ ಸಂಘಟನೆಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಅವರ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದರ ಮೇಲೆ ಮೇಲ್ಮನವಿಯೂ ಸಲ್ಲಿಕೆಯಾಯಿತು.

ಹಾಗಾಗಿ ಕಂಪ್ಯೂಟರಿನಲ್ಲಿ ತಾನಾಗಿಯೇ ಬರುತ್ತದೆ ಎಂಬುದು ಸಮರ್ಥನೆಯಲ್ಲ. ತಾನಾಗಿಯೇ ಬರಬಾರದು ಎಂಬುದೇ ಮಾರ್ಗಸೂಚಿಯ ಮೊದಲ ಮಾತು. ದುಡ್ಡು ಕೊಡುವ ಮೊದಲು ತೆಗೆಯಲು ಹೇಳಿ. ಒಪ್ಪದಿದ್ದರೆ ಬಿಲ್ಲಿನ ಚಿತ್ರ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನೀವು ಆಗಲೇ ದುಡ್ಡು ಕೊಟ್ಟು ಬಂದಿದ್ದೀರಿ, ಆದರೂ ದೂರು ಕೊಡಬಹುದು. 189 ರೂಪಾಯಿಗೆ ಇಷ್ಟು ಓಡಾಟವೇ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಆ ಭಾನುವಾರ ಅಲ್ಲಿ ಎಷ್ಟು ಮೇಜುಗಳಿದ್ದವು ಎಂದು ಅವರನ್ನೇ ಕೇಳಿ. ತಿಂಡಿ ಬಡಿಸಿದವರಿಗೆ ಏನಾದರೂ ಕೊಡಬೇಕೆನ್ನಿಸಿದರೆ ಅವರ ಕೈಗೇ ಕೊಡಿ. ಬಿಲ್ಲಿನ ಮೂಲಕ ಹೋದ ದುಡ್ಡು ಅವರನ್ನು ತಲುಪಿತೇ ಎಂಬುದು ಗಿರಾಕಿಗೆ ಕಾಣುವುದಿಲ್ಲ.

ವಿಮರ್ಶೆಯನ್ನು ಅಳಿಸಬೇಡಿ. ಉಚಿತ ಊಟಕ್ಕೆ ಒಪ್ಪಿ ಅಳಿಸಿದರೆ, ನಾಳೆ ಆ ಪುಟ ನೋಡಿ ವಯಸ್ಸಾದ ತಂದೆಯನ್ನು ಕರೆದುಕೊಂಡು ಬರುವ ಇನ್ನೊಬ್ಬರಿಗೆ ನೀವೇ ಸುಳ್ಳು ಹೇಳಿದಂತಾಗುತ್ತದೆ. ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಪಾಲನೆ ಕಡ್ಡಾಯವಲ್ಲದಿದ್ದರೂ, ದುಡ್ಡಿಗೆ ಬರೆಸಿದ, ಕೊಂಡುಕೊಂಡ ವಿಮರ್ಶೆಗಳಿಂದ ಓದುಗರಿಗೆ ಮೋಸವಾಗುತ್ತದೆ ಎಂಬ ಕಾಳಜಿಯೇ ಅದರ ಹಿಂದಿದೆ. ಬಿರಿಯಾನಿ ಕೊಟ್ಟು ಬರೆಸುವುದೂ ಊಟ ಕೊಟ್ಟು ಅಳಿಸುವುದೂ ಒಂದೇ. ಇನ್ನೊಂದು ವಿಷಯವನ್ನು ನೀವು ಗಮನಿಸಿದಂತಿಲ್ಲ. ಸರದಿಗೆಂದು ಕೊಟ್ಟ ಮೊಬೈಲ್ ಸಂಖ್ಯೆಗೇ ಅಲ್ಲವೇ ಮಾಲೀಕರು ಕರೆ ಮಾಡಿದ್ದು? ಮೇಜು ಖಾಲಿಯಾದಾಗ ಕರೆಯಲು ಪಡೆದ ಸಂಖ್ಯೆಯನ್ನು ಒತ್ತಡ ತರಲು ಬಳಸಿದ್ದು ನನಗೆ ಸೇವಾ ಶುಲ್ಕಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಯಾವ ಕೆಲಸಕ್ಕೆಂದು ಕೇಳಿ ಪಡೆದರೋ ಆ ಕೆಲಸಕ್ಕಷ್ಟೇ ಮಾಹಿತಿ ಬಳಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಆದರೆ ನಿಮ್ಮ ವಿಮರ್ಶೆಯ ಎರಡು ಕಡೆ ನನ್ನ ತಕರಾರಿದೆ. ನಮಗೆ ಬರೆದ ಪತ್ರದಲ್ಲಿ ತಿಂಡಿ ಚೆನ್ನಾಗಿತ್ತು ಎಂದಿದ್ದೀರಿ. ವಿಮರ್ಶೆಯಲ್ಲಿ ಆ ಮಾತಿಲ್ಲ. ಸೇರಿಸಿ. ಏನು ತಿಂದಿರಿ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಕಾದಿರಿ ಎಂಬುದನ್ನೂ ಬರೆಯಿರಿ. ಹಾಗೆ ಬರೆದರೆ ನಿಮ್ಮ ದೂರಿಗೆ ತೂಕ ಬರುತ್ತದೆ, ಅಡುಗೆ ಮಾಡಿದವರಿಗೂ ನ್ಯಾಯ ಸಿಗುತ್ತದೆ. ಎರಡನೆಯದು, ಬಾಗಿಲ ಹುಡುಗನನ್ನು ನೀವು ‘ದುರಹಂಕಾರಿ’ ಎಂದಿರುವುದು. ಇಪ್ಪತ್ತು ನಿಮಿಷ ಎನ್ನಲು ಅವನಿಗೆ ಹೇಳಿಕೊಟ್ಟವರು ಒಳಗಿದ್ದಾರೆ. ಕುರ್ಚಿ ತರಿಸುವ ಅಧಿಕಾರ ಅವನಿಗಿಲ್ಲ. ಬಿಸಿಲಲ್ಲಿ ನಿಂತು ನಲವತ್ತು ಮನೆಯವರ ಸಿಡಿಮಿಡಿ ಕೇಳಿಸಿಕೊಳ್ಳುವ, ಬಹುಶಃ ಬೇರೆ ರಾಜ್ಯದಿಂದ ಬಂದು ಕನ್ನಡದ ನಾಲ್ಕು ಮಾತು ಕಲಿಯುತ್ತಿರುವ ಹುಡುಗನ ಕೆಲಸಕ್ಕೆ ನಿಮ್ಮ ಆ ಒಂದು ಪದದಿಂದ ಸಂಚಕಾರ ಬರಬಹುದು. ಆ ಸಾಲನ್ನು ದಯವಿಟ್ಟು ತೆಗೆದುಹಾಕಿ.

ಕೆಫೆಗಳನ್ನು ಬಹಿಷ್ಕರಿಸಿ ಎಂದು ಈ ಪತ್ರಿಕೆ ಬರೆಯುವುದಿಲ್ಲ. ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡು ಹಾಕಿ, ಹೆಂಗಸರನ್ನು ಮರೆಯ ಹಿಂದಿನ ಇಕ್ಕಟ್ಟಿನಲ್ಲಿ ಕೂರಿಸುತ್ತಿದ್ದ ಕಾಲವೂ ಇತ್ತು. ಇಂದು ಒಬ್ಬ ಹುಡುಗಿ ಹನ್ನೊಂದು ಗಂಟೆಗೆ ಪುಸ್ತಕ ಹಿಡಿದು ಒಬ್ಬಳೇ ಕೆಫೆಯಲ್ಲಿ ಕೂರುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ. ಅಜ್ಜಿ, ಮಗಳು, ಮೊಮ್ಮಗಳು ಮೂವರೇ ಹೊರಗೆ ತಿಂಡಿಗೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಬಡಾವಣೆಗೆ ಇಂಥ ಜಾಗ ಬೇಕು. ಬೇಕಿರುವುದರಿಂದಲೇ ಅದು ಸರಿಯಾಗಿ ನಡೆಯಬೇಕೆಂದು ಪಟ್ಟು ಹಿಡಿಯಬೇಕು.

ಮುಂದಿನ ಸಲ ಹಿರಿಯರ ಜತೆ ಹೋಗುವುದಾದರೆ ಒಂಬತ್ತರೊಳಗೆ ಹೋಗಿ, ಇಲ್ಲವೇ ವಾರದ ದಿನ ಆರಿಸಿಕೊಳ್ಳಿ. ಹೊರಡುವ ಮೊದಲೇ ಫೋನ್ ಮಾಡಿ, ಕಾಯುವವರಿಗೆ ಕೂರಲು ಜಾಗವಿದೆಯೇ, ಸೇವಾ ಶುಲ್ಕ ಹಾಕುತ್ತೀರಾ ಎಂದು ಕೇಳಿ. ಹತ್ತು ಜನ ಹೀಗೆ ಕೇಳಿದರೆ ಕುರ್ಚಿ ತಾನಾಗಿಯೇ ಬರುತ್ತದೆ.

ಕೆಫೆಯ ಹೆಸರನ್ನು ಇಲ್ಲಿ ಅಚ್ಚು ಹಾಕಿಲ್ಲ, ಏಕೆಂದರೆ ಅವರ ಮಾತನ್ನು ನಾವಿನ್ನೂ ಕೇಳಿಲ್ಲ. ಸುಳ್ಳು ಹೇಳಿದ ಕಾಯುವ ಸಮಯ, ಇಲ್ಲದ ಕುರ್ಚಿ, ಸೇವಾ ಶುಲ್ಕ, ಆ ಫೋನ್ ಕರೆ, ಈ ನಾಲ್ಕರ ಬಗ್ಗೆ ವಿವರಣೆ ಕೇಳಿ ಮಾಲೀಕರಿಗೆ ಪತ್ರ ಬರೆದಿದ್ದೇವೆ. ಉತ್ತರ ಬಂದರೆ ಒಂದಕ್ಷರ ಬಿಡದೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ನಿಮ್ಮ ಬಿಲ್ಲಿನ ಪ್ರತಿಯನ್ನು, ಹೆಸರು ಮತ್ತು ಸಂಖ್ಯೆ ಮರೆಮಾಡಿ, ಅವರಿಗೆ ಕಳುಹಿಸಲು ನಿಮ್ಮ ಒಪ್ಪಿಗೆ ಬೇಕು. ಒಂದು ಸಾಲು ಬರೆದು ತಿಳಿಸಿ.

— ಸಂಪಾದಕ