ಕಿಟ್ ಬೇಡವೆಂದ ಮಾಜಿ ಸೈನಿಕ

ಇದು ಒಬ್ಬರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಜನವರಿ 26, ಕಾರ್ಗಿಲ್ ವಿಜಯ ದಿವಸದ ಜುಲೈ 26, ಆಗಸ್ಟ್ 15 ಕಳೆದ ಮೇಲೆ ಮಾಜಿ ಸೈನಿಕರ ಮನೆಯ ಇಂಥದ್ದೇ ಒಂದು ಜಗಳ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಬಂದು ಕೂರುವುದು ರೂಢಿಯಾಗಿಬಿಟ್ಟಿದೆ. ಸನ್ಮಾನ ಆಗಿರುತ್ತದೆ, ಶಾಲು, ಹಾರ, ಫಲತಾಂಬೂಲ ಎಲ್ಲ ಬಂದಿರುತ್ತದೆ, ಜೊತೆಗೆ ದಿನಸಿ ಕಿಟ್ಟೂ ಬಂದಿರುತ್ತದೆ. ಮನೆಯಲ್ಲಿ ಗಂಡ ಹೆಂಡತಿಗೆ ಮಾತಿರುವುದಿಲ್ಲ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ತಿಮ್ಮಪ್ಪ ಎಂದು ಕರೆಯೋಣ. ಹೊಸನಗರ ತಾಲ್ಲೂಕಿನವರು, ಎಪ್ಪತ್ತು ದಾಟಿದೆ. ಹನ್ನೊಂದು ವರ್ಷ ಸೇನೆಯಲ್ಲಿದ್ದವರು, ತಂದೆ ತೀರಿಕೊಂಡಾಗ ತೋಟ ನೋಡಲು ಯಾರೂ ಇಲ್ಲವೆಂದು ತಾವಾಗಿಯೇ ಬಿಟ್ಟು ಬಂದರು. ಜವಾನರಿಗೆ ಪಿಂಚಣಿ ಬರಬೇಕಾದರೆ 15 ವರ್ಷದ ಸೇವೆ ಬೇಕು. ಕೈಗೆ ಬಂದ ಗ್ರಾಚ್ಯುಟಿ ಬಾವಿ ತೋಡಿಸುವುದಕ್ಕೆ ಹೋಯಿತು. ಅಡಿಕೆ ಕೈಹಿಡಿದಷ್ಟು ವರ್ಷ ಏನೂ ತೊಂದರೆ ಇರಲಿಲ್ಲ. ಈಚೆಗೆ ಎಲೆಚುಕ್ಕಿ ರೋಗ ಬಂದು ಒಂದೆಕರೆ ತೋಟ ಸೊರಗಿಹೋಯಿತು. ಮಗ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ, ಅವನ ಸಂಸಾರ ಅವನಿಗೆ. ಊರಿನವರಿಗೋ, ಮಿಲ್ಟ್ರಿಯವರು ಎಂದರೆ ಪಿಂಚಣಿ, ಕ್ಯಾಂಟೀನು, ಆಸ್ಪತ್ರೆ ಎಲ್ಲ ಇದ್ದೇ ಇದೆ ಎಂಬ ನಂಬಿಕೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಆಸ್ಪತ್ರೆ ಸೌಲಭ್ಯ ಪಿಂಚಣಿದಾರರಿಗಾಗಿ ಇರುವುದೆಂದು ಅವರಿಗೆ ಯಾರು ಹೇಳಬೇಕು?

ಮೊದಲು ಬಂದವರು ಅವರ ಹೆಂಡತಿ. "ನಮ್ಮನೆಯವರು ಮಾತಾಡ್ತಿಲ್ಲ ಮೇಡಂ. ಊಟಕ್ಕೆ ಕೂತ್ರೆ ಅರ್ಧಕ್ಕೆ ಏಳ್ತಾರೆ." ನಡೆದದ್ದು ಇಷ್ಟು. ಆಗಸ್ಟ್ 15ರಂದು ಒಂದು ಸೇವಾ ಟ್ರಸ್ಟಿನವರು ಮನೆಗೇ ಬಂದು ಕಿಟ್ ಕೊಟ್ಟಿದ್ದರು. ಬ್ಯಾನರ್ ಹಿಡಿದು ಫೋಟೋ ತೆಗೆದರು, ಅದು ವಾಟ್ಸಾಪಿನಲ್ಲಿ ಸುತ್ತಿ ಮೊಮ್ಮಗನ ಶಾಲೆಯ ಹುಡುಗರವರೆಗೂ ಹೋಯಿತು. ಮುಂದಿನ ಸಲ ಕಿಟ್ ಬಂದಾಗ ತಿಮ್ಮಪ್ಪನವರು ಅದನ್ನು ಎತ್ತಿಕೊಂಡು ಹೋಗಿ ರಸ್ತೆ ಬದಿ ಇಟ್ಟು ಬಂದರು. ಆಮೇಲೆ ಈಕೆ ಟ್ರಸ್ಟಿನ ಹುಡುಗನಿಗೆ ಫೋನು ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಬೇಳೆ, ಎಣ್ಣೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದರು. ಅದು ಯಜಮಾನರಿಗೆ ಗೊತ್ತಾಯಿತು.

ಬಹಳ ಹೇಳಿಸಿಕೊಂಡ ಮೇಲೆ ತಿಮ್ಮಪ್ಪನವರೂ ಬಂದರು. ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಬಂದದ್ದು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು. ನಿದ್ರೆ, ಹಸಿವು, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಇಂಥ ವಯಸ್ಸಿನವರನ್ನು ಅದನ್ನೆಲ್ಲ ಕೇಳಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾಯುವ ಯೋಚನೆ ಇರಲಿಲ್ಲ. ಇದ್ದದ್ದು ಸಿಟ್ಟು.

"ಸುಮ್ಮನೆ ತಗೊಂಡು ಗೊತ್ತಿಲ್ಲ ನಂಗೆ. ಅವರ ಆಫೀಸಲ್ಲಿ ವಾಚ್‌ಮನ್ ಕೆಲಸ ಕೊಡ್ಲಿ, ಗಿಡಕ್ಕೆ ನೀರು ಹಾಕೋದಾದ್ರೂ ಕೊಡ್ಲಿ. ಮಾಡಿಕೊಟ್ಟು ತಗೋತೀನಿ" ಎಂದರು.

ಇಲ್ಲಿ ಹೆಚ್ಚಿನವರು, ನಮ್ಮ ವೃತ್ತಿಯವರೂ ಸೇರಿ, ಖುಷಿಯಾಗಿ ಒಪ್ಪಿಬಿಡುತ್ತಾರೆ. ಸ್ವಾಭಿಮಾನ ಉಳಿಯಿತು, ಸಮಸ್ಯೆ ಮುಗಿಯಿತು. ನಾನು ಒಪ್ಪಲಿಲ್ಲ. ಮಂಡಿ ನೋವಿನ, ಸಕ್ಕರೆ ಕಾಯಿಲೆಯ, ಎಪ್ಪತ್ತು ದಾಟಿದ ಮನುಷ್ಯ ಎರಡು ಕೆ.ಜಿ. ಬೇಳೆಗಾಗಿ ಗಿಡಕ್ಕೆ ನೀರು ಹಾಕಬೇಕು ಎಂದರೆ ಅದರಲ್ಲಿ ಯಾರ ಮಾನ ಉಳಿಯುತ್ತದೆ? ಇಂದು ಕೈಲಾಗುತ್ತದೆ. ನಾಳೆ ಹಾಸಿಗೆ ಹಿಡಿದರೆ ಬೇಳೆ ನಿಲ್ಲಿಸುವುದೇ?

ಹಾಗಾಗಿ ಬೇರೆ ಕಡೆಯಿಂದ ಕೇಳಿದೆ. "ಯಜಮಾನ್ರೆ, ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ತರ್ತೀರಲ್ಲ, ಅದಕ್ಕೆ ಬೇಜಾರಿಲ್ವಾ?"

"ಅದೆಂಥ ಬೇಜಾರು? ಊರಿಗೆ ಊರೇ ಸಾಲಲ್ಲಿ ನಿಂತಿರತ್ತೆ."

"ಮಿಲ್ಟ್ರೀಲಿ ಊಟ ಹೇಗಿತ್ತು?"

ಅವರು ಒಮ್ಮೆಲೇ ಸಡಿಲವಾದರು. ಲಂಗರಿನ, ಅಂದರೆ ಸೇನೆಯ ಊಟದ ಮನೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಸ್ಟೀಲ್ ತಟ್ಟೆ, ಮಗ್ಗು ಹಿಡಿದು ಸಾಲಲ್ಲಿ ನಿಲ್ಲುವುದು, ದೊಡ್ಡ ಪಾತ್ರೆಯಿಂದ ಸೌಟಲ್ಲಿ ದಾಲ್ ಎತ್ತಿ ಹಾಕುವ ಪಂಜಾಬಿ ಅಡುಗೆಯವ, ಮುದ್ದೆ ಅನ್ನ ತಿಂದು ಬೆಳೆದವರಿಗೆ ಮೊದಮೊದಲು ಗಂಟಲಲ್ಲಿ ಇಳಿಯದ ದಪ್ಪ ರೊಟ್ಟಿ, ಜ್ವರ ಬಂದು ಮಲಗಿದವನಿಗೆ ಪಕ್ಕದ ಹಾಸಿಗೆಯವನೇ ತಟ್ಟೆ ತಂದುಕೊಡುತ್ತಿದ್ದದ್ದು. ಹೆಂಡತಿಯೂ ಅದನ್ನು ಮೊದಲ ಸಲ ಕೇಳುತ್ತಿದ್ದರೆಂದು ಕಾಣುತ್ತದೆ, ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆಮೇಲೆ ತಿಮ್ಮಪ್ಪನವರೇ ಹೇಳಿದರು:

"ತಟ್ಟೆ ಹಿಡ್ಕೊಂಡು ನಿಂತಾಗ ಒಂದು ದಿನಾನೂ ನಾಚಿಕೆ ಆಗಿಲ್ಲ ಮೇಡಂ. ಅಲ್ಲಿ ಯಾರೂ ಫೋಟೋ ತೆಗೀತಿರಲಿಲ್ಲ."

ಆ ಮಾತಿನ ಮೇಲೆ ನನಗೆ ಹೆಚ್ಚು ಕೆಲಸ ಉಳಿಯಲಿಲ್ಲ. ಅವರಿಗೆ ಬೇಸರವಿದ್ದದ್ದು ಬೇಳೆಯ ಮೇಲಲ್ಲ, ಅದನ್ನು ಕೊಟ್ಟ ರೀತಿಯ ಮೇಲೆ. ಜ್ವರ ಬಂದವನಿಗೆ ತಟ್ಟೆ ತಂದುಕೊಟ್ಟವನು ಬದಲಿಗೆ ಏನಾದರೂ ಕೇಳಿದ್ದನೇ ಎಂದೆ. ತಲೆ ಅಲ್ಲಾಡಿಸಿದರು. ಹಾಗಾದರೆ ಈಗ ನೀವು ಗಿಡಕ್ಕೆ ನೀರು ಹಾಕುವುದೂ ಬೇಡ ಎಂದೆ. ಉತ್ತರ ಕೊಡಲಿಲ್ಲ, ಎದ್ದೂ ಹೋಗಲಿಲ್ಲ.

ಸಲಹೆಯಲ್ಲಿ ಮೊದಲನೆಯದು ಕಿಟ್ಟಿಗೆ ಸಂಬಂಧಿಸಿದ್ದೇ ಅಲ್ಲ. ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ಹಂತದವರೆಗಿನ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಪೆನ್ಯುರಿ ಗ್ರಾಂಟ್ ಎಂಬ ಮಾಸಿಕ ನೆರವಿದೆ. ಮೊದಲು 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಡಿಸೆಂಬರ್ 7ರ ಧ್ವಜ ದಿನಾಚರಣೆಯಲ್ಲಿ ನಾವೆಲ್ಲ ಪುಟ್ಟ ಬಾವುಟ ಚುಚ್ಚಿಕೊಂಡು ಡಬ್ಬಿಗೆ ಹಾಕುವ ಹಣ ಸೇರುವ ನಿಧಿಯಿಂದಲೇ ಇದು ಬರುವುದು. ತಿಮ್ಮಪ್ಪನವರು ಇದರ ಹೆಸರೇ ಕೇಳಿರಲಿಲ್ಲ. ಅರ್ಜಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗಬೇಕು, ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಬೇಕು. ಅವರ ಡಿಸ್ಚಾರ್ಜ್ ಬುಕ್ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಎಷ್ಟೋ ಮಳೆಗಾಲ ಕಂಡು ಬೂಷ್ಟು ಹಿಡಿದು, ಪುಟಗಳು ಒಂದಕ್ಕೊಂದು ಅಂಟಿ, ಸರ್ವಿಸ್ ನಂಬರಿನ ಕೊನೆಯ ಅಂಕಿಗಳ ಶಾಯಿ ಹರಡಿಹೋಗಿತ್ತು. ಮಲೆನಾಡಿನ ಹೆಂಚಿನ ಮನೆಯಲ್ಲಿ ಕಾಗದ ಉಳಿಸಿಕೊಳ್ಳುವುದು ಸುಲಭವಲ್ಲ. ಅಂಥದ್ದಕ್ಕೂ ದಾರಿ ಇದೆ. ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಕಚೇರಿಯ ಮುಖಾಂತರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ನಕಲು ತರಿಸಿಕೊಳ್ಳಬಹುದು. ನಿಧಾನವಾಗುತ್ತದೆ, ಓಡಾಟ ಜಾಸ್ತಿ.

ಈ ಓಡಾಟವೇ ಟ್ರಸ್ಟುಗಳು ಮಾಡಬೇಕಾದ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟ್ರಸ್ಟಿನವರನ್ನು ಕರೆಸಿ ಮೂರು ವಿಷಯ ಕೇಳಿದೆ. ಕಾರಿನಲ್ಲಿ ಕರೆದುಕೊಂಡು ಹೋಗಿ, ಕಚೇರಿಯಲ್ಲಿ ಜೊತೆಗೆ ಕೂತು, ಅರ್ಜಿ ತುಂಬಿಸಿ ವಾಪಸ್ ಬಿಡಿ. ಜೂನ್ ಬರುವುದರೊಳಗೆ ಅಡುಗೆ ಮನೆಯ ಒಡೆದ ಹೆಂಚು ಬದಲಿಸಿಕೊಡಿ. ಕಿಟ್ ನಿಲ್ಲಿಸಿ, ಅದರ ದುಡ್ಡನ್ನು ಊರಿನ ಕಿರಾಣಿ ಅಂಗಡಿಯಲ್ಲಿ ಅವರ ಖಾತೆಗೆ ಕಟ್ಟಿ. ಅವರಿಗೆ ಬೇಕಾದ್ದನ್ನು ಅವರು ಎಲ್ಲರಂತೆ ಕೇಳಿ ತರಲಿ.

"ಫೋಟೋ ಇಲ್ದೆ ಹೋದ್ರೆ ದಾನಿಗಳು ನಂಬಲ್ಲ ಮೇಡಂ" ಎಂದರು ಕಾರ್ಯದರ್ಶಿ. ಅವರ ಕಷ್ಟ ಸುಳ್ಳಲ್ಲ, ಲೆಕ್ಕ ಕೊಡದವರಿಗೆ ಇನ್ನೊಮ್ಮೆ ಯಾರು ಕೊಡುತ್ತಾರೆ? ಆದರೆ ಲೆಕ್ಕಕ್ಕೆ ಅಂಗಡಿಯ ಬಿಲ್ಲು ಸಾಕು, ಹೊಸ ಹೆಂಚಿನ ಮಾಡಿನ ಫೋಟೋ ಸಾಕು. ಮುದುಕರ ಮುಖ ಯಾಕೆ?

ಹೆಂಡತಿಗೆ ಹೇಳಿದ್ದು: ಬಸ್‌ಸ್ಟ್ಯಾಂಡಿನ ವ್ಯವಹಾರ ನಿಲ್ಲಿಸಿ. ನೀವು ತಂದದ್ದು ತಪ್ಪಲ್ಲ, ಆದರೆ ಮುಚ್ಚಿಟ್ಟು ತಂದರೆ ನೀವೂ ಅದನ್ನು ತಪ್ಪೆಂದೇ ತಿಳಿದಿದ್ದೀರಿ ಎಂದು ಅವರಿಗೆ ಅನಿಸುತ್ತದೆ.

ಇದು ಆಪ್ತಸಲಹೆಯೋ, ಅರ್ಜಿ ಬರೆದುಕೊಡುವ ಕೆಲಸವೋ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾತ್ರೆಗೆ ದುಡ್ಡಿಲ್ಲದವರಿಗೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸಲು ನನಗೆ ಬರುವುದಿಲ್ಲ. ಮನಸ್ಸಿನ ಕಾಯಿಲೆಯ ಗುರುತು ಕಂಡಿದ್ದರೆ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಿದ್ದೆ. ಓದುವವರ ಮನೆಯಲ್ಲಿ ಹಿರಿಯರು ಊಟ, ಮಾತು ಎರಡನ್ನೂ ಬಿಟ್ಟಿದ್ದರೆ, ಬದುಕು ಸಾಕು ಎನ್ನುತ್ತಿದ್ದರೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ತಿಮ್ಮಪ್ಪನವರದ್ದು ಅಂಥದ್ದಾಗಿರಲಿಲ್ಲ.

ಹೆಂಚು ಹೊಸದಾಗಿದೆ. ಕಿರಾಣಿ ಖಾತೆ ನಡೆಯುತ್ತಿದೆ, ಅಂಗಡಿಯವನ ಜೊತೆ ಬೆಲ್ಲದ ಬೆಲೆಗೆ ಜಗಳವಾಡುವಷ್ಟು ಸಲಿಗೆಯಿಂದ. ರೆಕಾರ್ಡ್ ಆಫೀಸಿನಿಂದ ನಕಲು ಇನ್ನೂ ಬಂದಿಲ್ಲ, ಹಾಗಾಗಿ ಗ್ರಾಂಟಿನ ಅರ್ಜಿ ಅಲ್ಲೇ ನಿಂತಿದೆ. ಬರುವ ಆಗಸ್ಟ್ 15ಕ್ಕೆ ವೇದಿಕೆಗೆ ಬರಲು ಟ್ರಸ್ಟಿನವರು ಕರೆದಿದ್ದಕ್ಕೆ ಅವರು ಬರುವುದಿಲ್ಲ ಎಂದಿದ್ದಾರೆ. "ಇಷ್ಟೆಲ್ಲ ಮಾಡಿದ್ವಿ, ಒಂದು ಸನ್ಮಾನಕ್ಕೂ ಬರಲ್ಲ ಅಂದ್ರೆ ಹೇಗೆ?" ಎಂದು ಕಾರ್ಯದರ್ಶಿಗೆ ಬೇಸರ. ಬಿಟ್ಟುಬಿಡಿ ಎಂದಿದ್ದೇನೆ. ಸಾಗರದ ಕಡೆಯ ಇನ್ನೊಬ್ಬ ಮಾಜಿ ಸೈನಿಕರ ಹೆಂಡತಿ ವಿಧವೆಯಾಗಿದ್ದಾರೆ, ಅವರ ಮನೆಯಲ್ಲಿ ಡಿಸ್ಚಾರ್ಜ್ ಬುಕ್ಕೇ ಇಲ್ಲ. ಮುಂದಿನ ವಾರ ಕಾರು ಅಲ್ಲಿಗೆ ಹೋಗಬೇಕು.